ಚಕ್ಕಿನಲ್ಲಿ ಉಳಿದ ಕೀ

೧೪ ಜೂನ್ ೨೦೨೪, ಶುಕ್ರವಾರ

ಮೈಸೂರು. ಕಣ್ಣಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಾರ್ಖಾನೆಯಲ್ಲಿ ಲೇಥ್ ನಡೆಸುವ ಟರ್ನರ್ ಆಗಿದ್ದಾಗ ಪ್ರತಿ ಪಾಳಿಯ ಕೊನೆಗೆ ಪುಸ್ತಕ ಬರೆಯಬೇಕಿತ್ತು. ಯಾವ ಮೆಷಿನ್, ಏನು ಕೆಲಸ, ಏನು ಕೆಟ್ಟಿತು. ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷವಾಯಿತು, ಬರೆಯುವ ಚಾಳಿ ಹೋಗಿಲ್ಲ. ಎರಡು ದಿನ ಮಾತ್ರ ಬರೆಯಲಾಗಲಿಲ್ಲ.

ಬುಧವಾರ ಹನ್ನೊಂದು ಗಂಟೆ ಹೊತ್ತಿಗೆ ಹುಣಸೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಕಬ್ಬಿಣ ಕಡೆಯುವ ಲೇಥಿನಿಂದ ಚಕ್ ಕೀ ಸಿಡಿದು ನನ್ನ ಹೆಂಡತಿ ಶಾಂತಲಾಳ ಎಡಗಣ್ಣಿಗೆ ಬಡಿಯಿತು.

ಚಕ್ ಕೀ ಅಂದರೇನು ಎಂದು ಡ್ಯೂಟಿ ಡಾಕ್ಟರ್ ಕೇಳಿದರು. ಕಬ್ಬಿಣದ ಕಂಬಿಯನ್ನು ದವಡೆಗಳಲ್ಲಿ ಕಚ್ಚಿಕೊಂಡು ಗಿರ್ರನೆ ತಿರುಗುವುದು ಚಕ್, ಆ ದವಡೆಗಳನ್ನು ಬಿಗಿ ಮಾಡುವ, ಸಡಿಲಿಸುವ ಟಿ ಆಕಾರದ ಕೈ ಸಾಧನ ಕೀ ಎಂದು ಹೇಳಿದೆ. ಬಿಗಿ ಮಾಡಿದ ಮೇಲೆ ಅದನ್ನು ಕಿತ್ತು ಪಕ್ಕಕ್ಕಿಟ್ಟೇ ಮೆಷಿನ್ ಹಾಕಬೇಕು. ಇಲ್ಲದಿದ್ದರೆ ಕವಣೆ ಕಲ್ಲಿನಂತೆ ಹಾರುತ್ತದೆ. ಎಷ್ಟು ತೂಕ ಎಂದರು. ಅರ್ಧ ಕೆಜಿ ಎಂದೆ. ಅವರು ಬರೆದುಕೊಂಡರು.

ಶಾಂತಲಾ ನೋಡದೆ ಸ್ವಿಚ್ ಒತ್ತಿದಳು. ಡಾಕ್ಟರಿಗೂ ಅದನ್ನೇ ಹೇಳಿದೆ. ಅವಳು ಪಕ್ಕದ ಸ್ಟ್ರೆಚರಿನಲ್ಲಿ ಎರಡೂ ಕಣ್ಣಿಗೆ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದಳು. ಅವಳಿಗೆ ಎಚ್ಚರವಿತ್ತೋ ಇಲ್ಲವೋ ಗೊತ್ತಿಲ್ಲ.

೧೬ ಜೂನ್, ಭಾನುವಾರ

ಭೇರ್ಯದಿಂದ ಮಾವ ಅತ್ತೆ ಬಂದರು. ಮಾವ ಚಿಕ್ಕಬೀರಯ್ಯನವರು ಹೊಲದಿಂದ ನೇರವಾಗಿ ಬಸ್ಸು ಹತ್ತಿದವರು, ಕಾಲಿನಲ್ಲಿ ಇನ್ನೂ ಮಣ್ಣಿತ್ತು. ಅತ್ತೆ ಚಾಮುಂಡಮ್ಮ ಮಗಳ ಅಂಗಾಲು ಹಿಡಿದುಕೊಂಡು ಕೂತರು. ಮುಖ ಮುಟ್ಟಬಾರದು ಎಂದು ನರ್ಸ್ ಹೇಳಿದ್ದರು.

ಮಾವ ನನ್ನ ಕಡೆ ನೋಡಲಿಲ್ಲ. ಮಗಳನ್ನೇ ಕೇಳಿದರು, ಹೇಗಾಯಿತು ಅಂತ.

"ನಾನೇ ಅವಸ್ರಕ್ಕೆ ಸ್ವಿಚ್ ಒತ್ಬುಟ್ಟೆ ಕಣಪ್ಪ. ನೋಡ್ನಿಲ್ಲ" ಎಂದಳು ಶಾಂತಲಾ.

ನಾನು ಕಿಟಕಿ ಹತ್ತಿರ ನಿಂತಿದ್ದೆ. ಅವಳೇ ಹಾಗಂದ ಮೇಲೆ ನಾನು ಹೇಳುವುದೇನಿತ್ತು?

೨೧ ಜೂನ್, ಶುಕ್ರವಾರ

ಎಡಗಣ್ಣನ್ನು ತೆಗೆಯಬೇಕಂತೆ. ಹೊಲಿಗೆ ಹಾಕಿ ನೋಡಿದರು, ಬೆಳಕು ಕೂಡ ಕಾಣುತ್ತಿಲ್ಲ. ಇಟ್ಟುಕೊಂಡರೆ ಬಲಗಣ್ಣಿಗೂ ಅಪಾಯವಾಗಬಹುದು, ಒಂದಕ್ಕೆ ಪೆಟ್ಟಾದರೆ ಕೆಲವೊಮ್ಮೆ ಇನ್ನೊಂದೂ ಮುನಿಸಿಕೊಳ್ಳುತ್ತದೆ ಎಂದರು ದೊಡ್ಡ ಡಾಕ್ಟರ್. ಎರಡು ವಾರದೊಳಗೆ ಮಾಡಿದರೆ ಒಳ್ಳೆಯದು. ಬುಧವಾರಕ್ಕೆ ಎರಡು ವಾರ.

ನನಗೆ ಸಹಿ ಹಾಕಿ ಎಂದರು. ನಾನು ಪೆನ್ನು ಹಿಡಿದುಕೊಂಡು ನಿಂತೆ, ಕೈ ಏಳಲಿಲ್ಲ. ಹತ್ತು ಮೈಕ್ರಾನ್ ವ್ಯತ್ಯಾಸವನ್ನು ಬೆರಳಿನಲ್ಲೇ ಹೇಳುತ್ತಿದ್ದ ಕೈ ಇದು. ಶಾಂತಲಾ ಕಾಗದ ಇಸಿದುಕೊಂಡು ತಾನೇ ಸಹಿ ಮಾಡಿದಳು. ಹೆಸರಿನ ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಇಳಿದಿದ್ದವು.

೨೪ ಜೂನ್

ಆಪರೇಷನ್ ಆಯಿತು.

೨೯ ಜೂನ್, ಶನಿವಾರ

ಡಿಸ್ಚಾರ್ಜ್ ಆದ ಮೇಲೆ ಅತ್ತೆ ಅವಳನ್ನು ಭೇರ್ಯಕ್ಕೇ ಕರೆದುಕೊಂಡು ಹೋದರು. ಹುಣಸೂರಿನ ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂದರು. ನಾನು ಅವಳ ಚೀಲವನ್ನು ಆಟೋದಲ್ಲಿಟ್ಟೆ. ಶಾಂತಲಾ ಬರುತ್ತೇನೆ ಎನ್ನಲೂ ಇಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಆಟೋದೊಳಗೆ ಕೂತಳು.

ನಾನೊಬ್ಬನೇ ಮನೆಗೆ ಬಂದೆ. ನಮಗೆ ಮಕ್ಕಳಿಲ್ಲ, ಬೀಗ ತೆಗೆದರೆ ಮನೆಯಲ್ಲಿ ಏನೂ ಅಲ್ಲಾಡಲಿಲ್ಲ. ಶೆಡ್ಡಿನಲ್ಲಿ ಅವತ್ತು ಹೇಗಿತ್ತೋ ಹಾಗೇ ಇದೆ. ಪಿರಿಯಾಪಟ್ಟಣದ ನಿಂಗಯ್ಯನವರ ಮೇವು ಕತ್ತರಿಸುವ ಮೆಷಿನ್ನಿಗೆ ಬೇಕಾದ ಶಾಫ್ಟ್ ಇನ್ನೂ ಚಕ್ಕಿನಲ್ಲಿ ಕಚ್ಚಿಕೊಂಡಿದೆ. ನೆಲದ ಕಲೆಯನ್ನು ಸೀಮೆಎಣ್ಣೆ ಹಾಕಿ ಉಜ್ಜಿದೆ. ಕೀ ಮೂಲೆಯಲ್ಲಿ ಬಿದ್ದಿತ್ತು, ಕತ್ತಿನಲ್ಲಿ ಬಾಗಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಸೇತುವೆಯ ಮೇಲಿಂದ ಲಕ್ಷ್ಮಣತೀರ್ಥ ಹೊಳೆಗೆ ಎಸೆದೆ.

ಯಾಕೆ ಎಸೆದೆನೋ ತಿಳಿಯದು. ಕಳ್ಳನ ಹಾಗೆ ಹಿಂದೆ ಮುಂದೆ ನೋಡಿ ಎಸೆದೆ.

೩ ಜುಲೈ, ಬುಧವಾರ

ನಿಂಗಯ್ಯನವರು ಬಂದಿದ್ದರು. ವಿಷಯ ಕೇಳಿ ಬಾಗಿಲಲ್ಲೇ ನಿಂತು ಲೊಚಗುಟ್ಟಿದರು. ಶಾಫ್ಟ್ ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ, ನೀವು ತಲೆ ಕೆಡಿಸಿಕೊಳ್ಳಬೇಡಿ, ಆ ಕಂಬಿ ಇಲ್ಲೇ ಇರಲಿ ಎಂದರು. ಇಲ್ಲೇ ಇರಬೇಕು ಅದು. ಕೀ ಇಲ್ಲದೆ ಬಿಚ್ಚಲು ಬರುವುದಿಲ್ಲ.

ಮೈಸೂರಿನ ಅಂಗಡಿಗಳಿಗೆ ಹೋಗಿ ಎರಡು ಅಳತೆಯ ಕೀ ಹಾಕಿ ನೋಡಲು ತಂದೆ. ನನ್ನದು ಇಂಚಿನ ಲೆಕ್ಕದ ಹಳೇ ಚಕ್, ಚೌಕ ತೂತು ಹನ್ನೊಂದು ಮಿಲಿಮೀಟರಿಗಿಂತ ಕೂದಲೆಳೆ ಹೆಚ್ಚು. ಹತ್ತರ ಕೀ ಲೊಡಲೊಡ ಅನ್ನುತ್ತದೆ. ಹನ್ನೆರಡರದ್ದು ಒಳಗೇ ಹೋಗುವುದಿಲ್ಲ. ನಾನೇ ಮಾಡಿಕೊಳ್ಳಬೇಕು. ಆದರೆ ಮಾಡಿ ಏನು?

ಕಾರ್ಖಾನೆಯ ಗೆಳೆಯ ನಂಜುಂಡೇಶನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ನಮ್ ಕಾರ್ಖಾನೆ ಕೀಗೆಲ್ಲ ಸ್ಪ್ರಿಂಗ್ ಇರ್ತಿತ್ತಲ್ಲೋ ಲಿಂಗರಾಜು. ಕೈ ಬುಟ್ಟೇಟ್ಗೆ ತಾನೇ ಆಚ್ಗೆ ಬೀಳೋದು. ನಿಂದ್ರಲ್ಲಿ ಇರ್ನಿಲ್ವಾ?" ಎಂದ.

ಇರಲಿಲ್ಲ ಎಂದೆ.

೮ ಜುಲೈ, ಸೋಮವಾರ

ಯೋಚನೆಯೊಂದು ಹೊಳೆಯಿತು. ಕೀ ಮಾಡಲು ಚಕ್ ಬೇಕು, ಚಕ್ ಬಿಚ್ಚಲು ಕೀ ಬೇಕು. ಆದರೆ ಚಕ್ಕಿನಲ್ಲಿ ಒಂದು ಕಂಬಿ ಆಗಲೇ ಬಿಗಿಯಾಗಿ ಕೂತಿದೆ. ನಿಂಗಯ್ಯನವರ ಆ ಶಾಫ್ಟಿನ ತುದಿಯನ್ನೇ ಸಣ್ಣಗೆ ಕಡೆದು, ಗರಗಸದಲ್ಲಿ ಕೊಯ್ದುಕೊಂಡರೆ ಕೀಗೆ ಸಾಕು.

ಮೆಷಿನ್ ಹಾಕಲು ಗೋಡೆಯ ಸ್ವಿಚ್ಚಿಗೆ ಹೋದೆ. ಸ್ವಿಚ್ಚು ಲೇಥಿನ ಹಿಂದೆ, ಎಡಗಡೆ, ಮೂರು ಹೆಜ್ಜೆ ದೂರ. ವೈರು ಉಳಿಯುತ್ತದೆಂದು ನಾನೇ ಅಲ್ಲಿ ಹಾಕಿಸಿದ್ದು. ನಾನು ಟೂಲ್ ಹಿಡಿದು ನಿಂತಿರುವಾಗ ಶಾಂತಲಾ ಅಲ್ಲಿ ನಿಂತು ಹಾಕುವುದು, ಆರಿಸುವುದು. ಒಂಬತ್ತು ವರ್ಷದಲ್ಲಿ ನಾನು ಆ ಜಾಗದಲ್ಲಿ ನಿಂತದ್ದೇ ಅಪರೂಪ.

ಅಲ್ಲಿಂದ ತಿರುಗಿ ನೋಡಿದರೆ ಚಕ್ಕಿನ ಮುಂಭಾಗ ಕಾಣುವುದೇ ಇಲ್ಲ. ಗೇರುಗಳ ದೊಡ್ಡ ಡಬ್ಬಿ ಅಡ್ಡ ಬರುತ್ತದೆ. ಬಗ್ಗಿದೆ, ತುದಿಗಾಲಲ್ಲಿ ನಿಂತೆ. ಅವಳು ನನಗಿಂತ ಅರ್ಧ ಅಡಿ ಕುಳ್ಳಿ, ಅದಕ್ಕೆ ಮಂಡಿ ಬಗ್ಗಿಸಿ ನಿಂತು ನೋಡಿದೆ. ಕೀ ನನ್ನ ಕಡೆಯ ಬದಿಯಲ್ಲಿ ಕೆಳಗೆ ಇತ್ತು, ಲೇಥಿನ ಮೈಗೆ ಬಡಿದು ಡಬ್ಬಿಯ ಮೇಲಿಂದ ಹಾರಿತ್ತು. ಅವಳು ನೋಡಬೇಕೆಂದಿದ್ದರೂ ಕಾಣುತ್ತಿರಲಿಲ್ಲ.

ಮೆಷಿನ್ ಹಾಕದೆ ಹೊರಗೆ ಬಂದೆ.

೯ ಜುಲೈ

ಶೆಡ್ಡಿಗೆ ಹೋಗಲಿಲ್ಲ.

೧೩ ಜುಲೈ, ಶನಿವಾರ

ಗುರುವಾರ ಮೆಷಿನ್ ಹಾಕಿದೆ. ಹಾಕುವ ಮೊದಲು ಚಕ್ಕಿನ ಸುತ್ತ ನಾಲ್ಕು ಸಲ ಕೈಯಾಡಿಸಿದೆ. ಕೀಯೇ ಇಲ್ಲದ ಮನೆಯಲ್ಲಿ ಕೀ ಹುಡುಕಿದೆ. ಮೋಟಾರಿನ ಸದ್ದು ಬಂದಾಗ ಆರಿಸಿ, ಮತ್ತೆ ಹಾಕಿದೆ. ಕಂಬಿಯ ತುದಿಯನ್ನು ಹದಿನೈದೂವರೆ ಮಿಲಿಮೀಟರಿಗೆ ಇಳಿಸಿ, ಒಂದು ಗೇಣು ಕೊಯ್ದುಕೊಂಡೆ.

ನಿನ್ನೆ ಇವತ್ತು ಅರ ಹಿಡಿದು ಉಜ್ಜುತ್ತಿದ್ದೇನೆ. ದುಂಡಗಿನದನ್ನು ಚೌಕ ಮಾಡಬೇಕು. ಒಂದು ಮುಖ ಸಮ ಬಂದರೆ ಎದುರು ಮುಖ ಸೊಟ್ಟ. ಐಟಿಐ ಸೇರಿದ ಮೊದಲ ತಿಂಗಳು ಮಾಡಿದ ಕೆಲಸ ಇದು, ಆಗ ಇಷ್ಟು ಕಷ್ಟವಾಗಿರಲಿಲ್ಲ. ಉಜ್ಜುವಾಗ ತಲೆಯಲ್ಲಿ ಬೇರೇನೂ ಇರುವುದಿಲ್ಲ ಅಂದುಕೊಂಡಿದ್ದೆ. ಇರುತ್ತದೆ.

ಅವತ್ತು ಫೋನ್ ಬಂತು. ಎಡಗೈಯಲ್ಲಿ ಫೋನ್ ತೆಗೆದುಕೊಂಡು ಬಾಗಿಲ ಕಡೆ ತಿರುಗಿದೆ. ಕೀ ಚಕ್ಕಿನಲ್ಲೇ ಇತ್ತು. ಬಿಟ್ಟವನು ನಾನು. ಇದನ್ನು ಇಷ್ಟು ದಿನ ಬರೆದಿರಲಿಲ್ಲ.

೧೮ ಜುಲೈ, ಗುರುವಾರ

ಕೆಟ್ಟಿತು. ಗಡಸು ಬರಲೆಂದು ಇದ್ದಿಲ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ಚಟ್ ಎಂದಿತು. ತೆಗೆದು ನೋಡಿದರೆ ಚೌಕದ ಒಂದು ಮೂಲೆ ಸೀಳಿದೆ. ಒಂದು ವಾರದ ಕೆಲಸ. ಈ ಜಾತಿ ಉಕ್ಕನ್ನು ಎಣ್ಣೆಗೆ ಅದ್ದಬೇಕು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಎಣ್ಣೆ ಡಬ್ಬ ಮೂಲೆಯಲ್ಲಿತ್ತು, ಬಕೆಟ್ಟು ಕೈಗೆ ಹತ್ತಿರವಿತ್ತು, ಅಷ್ಟೇ.

ಕೈಗೆ ಹತ್ತಿರವಿದ್ದದ್ದನ್ನೇ ಮಾಡುವವನು ನಾನು.

೨೧ ಜುಲೈ, ಭಾನುವಾರ

ಭೇರ್ಯಕ್ಕೆ ಹೋಗಿದ್ದೆ. ಶಾಂತಲಾ ಹಿತ್ತಲಲ್ಲಿ ಅವರೆಕಾಳು ಆರಿಸುತ್ತಿದ್ದಳು. ನಾನು ಎಡಗಡೆಯಿಂದ ಹೋದೆ, ಪಕ್ಕ ನಿಲ್ಲುವವರೆಗೂ ಅವಳಿಗೆ ತಿಳಿಯಲಿಲ್ಲ. ಬೆಚ್ಚಿ ಮೊರ ಕೈಬಿಟ್ಟಳು. ಕಾಳೆಲ್ಲ ಚೆಲ್ಲಿತು. ಇಬ್ಬರೂ ಕೂತು ಆರಿಸಿದೆವು.

ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಕೀ ಮಾಡುತ್ತಿದ್ದೇನೆ ಎಂದೆ. ಹಳೆಯದೆಲ್ಲಿ ಎಂದಳು. ಕಳೆದುಹೋಯಿತು ಎಂದೆ. ಅವಳು ಒಂದು ಕಾಳನ್ನು ಕಣ್ಣಿನ ಹತ್ತಿರ ಹಿಡಿದು, ಹುಳುಕಿದೆಯೇ ಎಂದು ನೋಡಿ, ಆಚೆ ಎಸೆದಳು.

ಊಟಕ್ಕೆ ಕೂತಾಗ ಮಾವ ನೆಂಟರೊಬ್ಬರಿಗೆ ಹೇಳುತ್ತಿದ್ದರು, ನಮ್ಮ ಹುಡುಗಿಗೆ ಚಿಕ್ಕಂದಿನಿಂದಲೂ ಅವಸರ ಜಾಸ್ತಿ ಅಂತ. ನಾನು ಮುದ್ದೆ ಮುರಿಯುತ್ತಿದ್ದೆ. ಮುರಿದದ್ದನ್ನು ಸಾರಿಗೆ ಅದ್ದಿ ನುಂಗಿದೆ.

೨೭ ಜುಲೈ, ಶನಿವಾರ

ಎರಡನೆಯ ಕೀ ಬಂತು. ಉಳಿದಿದ್ದ ಕಂಬಿಯಿಂದ ಇನ್ನೊಂದು ಗೇಣು ತೆಗೆದು, ಮತ್ತೆ ಚೌಕ ಉಜ್ಜಿ, ಕಾಯಿಸಿ ಎಣ್ಣೆಗೆ ಅದ್ದಿದೆ. ಆಮೇಲೆ ಹೊಳಪು ಬರುವ ಹಾಗೆ ತಿಕ್ಕಿ, ಜೇನಿನ ಬಣ್ಣ ಕಾಣುವವರೆಗೆ ಮೆತ್ತಗೆ ಬಿಸಿ ಮಾಡಿ ಆರಲು ಬಿಟ್ಟೆ. ಮೇಲೆ ಅಡ್ಡ ತೂತು ಕೊರೆದು ಹಿಡಿ ಹಾಕಿದೆ.

ಚಕ್ಕಿಗೆ ಹಾಕಿದಾಗ ಒಂದಿಷ್ಟೂ ಅಲ್ಲಾಡಲಿಲ್ಲ. ಎರಡೂ ಕೈ ಕೊಟ್ಟು ತಿರುಗಿಸಿದೆ. ಒಂದೂವರೆ ತಿಂಗಳಿಂದ ಕಚ್ಚಿಕೊಂಡಿದ್ದ ದವಡೆ ಕಿರ್ರೆಂದು ಬಿಟ್ಟಿತು. ಉಳಿದ ತುಂಡು ಚಕ್ಕಿನ ಕೆಳಗಿನ ಬೆಡ್ಡಿನ ಮೇಲೆ ಬಿತ್ತು. ಸಂತೋಷವಾಗಬೇಕಿತ್ತು. ನೆಲದ ಮೇಲೆ ಕೂತುಬಿಟ್ಟೆ.

೩೦ ಜುಲೈ, ಮಂಗಳವಾರ

ಸ್ಪ್ರಿಂಗ್ ಕೂರಿಸಿದೆ. ಮೊದಲು ಬೈಕ್ ಎಂಜಿನ್ನಿನ ವಾಲ್ವ್ ಸ್ಪ್ರಿಂಗ್ ಹಾಕಿದೆ, ಅದನ್ನು ಒತ್ತಲು ಭೀಮನೇ ಬರಬೇಕು. ಆಮೇಲೆ ಔಷಧಿ ಹೊಡೆಯುವ ಪಂಪಿನದು ಸಿಕ್ಕಿತು. ಒತ್ತಿ ಹಿಡಿದರೆ ಮಾತ್ರ ಕೀ ಒಳಗಿರುತ್ತದೆ. ಕೈಬಿಟ್ಟರೆ ಸ್ಪ್ರಿಂಗ್ ಅದನ್ನು ಆಚೆ ನೂಕಿ ಬೀಳಿಸುತ್ತದೆ. ನಾಲ್ಕೂ ದವಡೆಗೆ ಹಾಕಿ ಹಾಕಿ ಬಿಟ್ಟೆ. ನೂರು ಸಲ ಬಿಟ್ಟರೆ ನೂರು ಸಲವೂ ಬಿತ್ತು.

ನಂಜುಂಡೇಶನಿಗೆ ಹೇಳಿದ್ದು ಸುಳ್ಳು. ನನ್ನ ಹಳೇ ಕೀಗೂ ಸ್ಪ್ರಿಂಗ್ ಇತ್ತು. ಮೆಷಿನ್ ತಂದ ಮೂರನೆಯ ತಿಂಗಳಲ್ಲಿ ನಾನೇ ಕತ್ತರಿಸಿ ತೆಗೆದೆ. ಪ್ರತಿ ಸಲ ಒತ್ತಿ ಹಿಡಿಯುವುದು ತಾಪತ್ರಯ ಎನಿಸಿತ್ತು. ಶಾಂತಲಾ ಪಕ್ಕದಲ್ಲೇ ನಿಂತು, ಯಾಕೆ ತೆಗೀತೀರಿ ಎಂದು ಕೇಳಿದ್ದಳು. ಕೆಲಸ ಗೊತ್ತಿರುವವನಿಗೆ ಇದೆಲ್ಲ ಬೇಕಿಲ್ಲ ಎಂದಿದ್ದೆ.

ಇನ್ನೊಂದು ಉಳಿದಿದೆ, ಅದನ್ನೂ ಬರೆಯುತ್ತೇನೆ. ಅವಳು ಯಾವತ್ತೂ ತಾನಾಗಿ ಸ್ವಿಚ್ ಒತ್ತಿದವಳಲ್ಲ. ನಾನು ಹಾಕು ಅಂದರೆ ಹಾಕುತ್ತಿದ್ದಳು. ಅವತ್ತು ಫೋನ್ ಕಿವಿಗಿಟ್ಟುಕೊಂಡೇ ಹಾಕು ಅಂದೆ.

೪ ಆಗಸ್ಟ್, ಭಾನುವಾರ. ಭೀಮನ ಅಮಾವಾಸ್ಯೆ

ಗಂಡನ ಪಾದಪೂಜೆಯ ದಿನ, ತಪ್ಪಿಸಬಾರದು ಎಂದು ಅತ್ತೆ ಹೇಳಿ ಕಳಿಸಿದ್ದರು. ಚೀಲದಲ್ಲಿ ಹೊಸ ಕೀ ಹಾಕಿಕೊಂಡು ಹೋದೆ, ಅವಳಿಗೆ ತೋರಿಸೋಣವೆಂದು.

ನಡುಮನೆಯಲ್ಲಿ ಮಣೆ ಹಾಕಿದ್ದರು. ಮುಂದೆ ತಟ್ಟೆ, ಚೊಂಬು, ಅರಿಶಿನ, ಕುಂಕುಮ, ಹೂವು. ಮಾವ ಕಂಬಕ್ಕೆ ಒರಗಿ ಕೂತಿದ್ದರು. ಶಾಂತಲಾ ತಲೆಗೆ ಸ್ನಾನ ಮಾಡಿ ಹೊಸ ಸೀರೆ ಉಟ್ಟಿದ್ದಳು, ಕನ್ನಡಕ ತೆಗೆದಿಟ್ಟಿದ್ದಳು. ಆಪರೇಷನ್ ಆದ ಮೇಲೆ ಆ ಕಡೆಯನ್ನು ನಾನು ನೇರವಾಗಿ ನೋಡಿದ್ದು ಇವತ್ತೇ. ರೆಪ್ಪೆ ಒಳಕ್ಕೆ ಕುಸಿದಿದೆ. ಅವಳು ನನ್ನ ಬಲಗಾಲನ್ನು ತಟ್ಟೆಯಲ್ಲಿಟ್ಟು ನೀರು ಹಾಕಿದಳು, ಬೆರಳ ಸಂದಿಯನ್ನೂ ತೊಳೆದಳು. ಎಡಗಾಲಿಗೆ ಕೈ ಚಾಚಿದಳು.

ನಾನು ಕಾಲು ಎಳೆದುಕೊಂಡೆ.

ಏನು ಹೇಳಿದೆನೋ ಸರಿಯಾಗಿ ಜ್ಞಾಪಕವಿಲ್ಲ. ಕೀ ಬಿಟ್ಟವನು ನಾನು, ಹಾಕು ಅಂದವನು ನಾನು, ಸ್ಪ್ರಿಂಗ್ ಕಿತ್ತವನು ನಾನು, ಅವಳು ನಿಂತ ಜಾಗದಿಂದ ಕೀ ಕಾಣುವುದೇ ಇಲ್ಲ, ಎಲ್ಲವನ್ನೂ ಹಿಂದು ಮುಂದಾಗಿ ಹೇಳಿದೆ. ಹಳೇ ಕೀಯನ್ನು ಹೊಳೆಗೆ ಎಸೆದದ್ದನ್ನೂ ಹೇಳಿದೆ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಮಾವ ಕಂಬ ಬಿಟ್ಟು ಮುಂದಕ್ಕೆ ಬಾಗಿದರು. "ಎರಡು ತಿಂಗ್ಳಿಂದ ನನ್ ಮಗ್ಳನ್ನ ನಾನೇ ಬಯ್ಕಂಡ್ ತಿರ್ಗಿವ್ನಿ" ಎಂದರು. ಎದ್ದು ಹೊರಗೆ ಹೋದರು.

ಶಾಂತಲಾ ಚೊಂಬನ್ನು ಕೆಳಗಿಟ್ಟಳು.

"ನೀವು ಡಾಕ್ಟ್ರಿಗೆ ಏಳಿದ್ದು ನಂಗೆ ಕೇಳುಸ್ತು ಕಣ್ರೀ" ಎಂದಳು. "ಕಣ್ಣೋಗಿತ್ತು, ಕಿವಿ ಓಗಿರ್ನಿಲ್ಲ."

"ಮತ್ತೆ ನಿಮ್ಮಪ್ಪನಿಗೆ ಯಾಕೆ ಹಾಗಂದೆ?"

"ನೀವು ಅಲ್ಲೇ ನಿಂತಿದ್ರಲ್ಲ. ಇಲ್ಲ ಕಣ್ ಮಾವ ಅಂತೀರೇನೋ ಅಂತ ಕಾದೆ. ಒಂದ್ ದಿನ ಕಾದೆ, ಎರಡ್ ದಿನ ಕಾದೆ. ಆಮೇಕೆ ಕಾಯೋದ್ ಬುಟ್ಬುಟ್ಟೆ."

ಪೂಜೆ ಅರ್ಧಕ್ಕೆ ನಿಲ್ಲಿಸಬಾರದು ಎಂದು ಅತ್ತೆ ಮೆಲ್ಲಗೆ ಅಂದರು. ನನ್ನ ಕೈಲಿ ಆಗುವುದಿಲ್ಲ ಎಂದು ಅವಳು ಎದ್ದು ಕೋಣೆಗೆ ಹೋದಳು. ನಾನು ಮಣೆಯ ಮೇಲೆ ಒಂದು ಕಾಲು ಒದ್ದೆ, ಒಂದು ಕಾಲು ಒಣ, ಹಾಗೇ ಕೂತಿದ್ದೆ. ಯಾರೂ ಹೋಗು ಎನ್ನಲಿಲ್ಲ. ಕೊನೆಗೆ ನಾನೇ ಎದ್ದೆ. ಕೀಯನ್ನು ತೋರಿಸಲಿಲ್ಲ, ಚೀಲ ಹಾಗೇ ವಾಪಸು ತಂದೆ. ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸುವಾಗ ಯಾವ ಬಸ್ಸು ಹತ್ತಬೇಕೆಂಬುದೇ ಕ್ಷಣ ಹೊತ್ತು ಮರೆತುಹೋಯಿತು.

೫ ಆಗಸ್ಟ್

ಫೋನ್ ಮಾಡಿದೆ. ಅತ್ತೆ ತೆಗೆದರು. ಅವಳು ಮಲಗಿದ್ದಾಳೆ ಎಂದರು. ಬೆಳಿಗ್ಗೆ ಹತ್ತು ಗಂಟೆ.

೧೧ ಆಗಸ್ಟ್, ಭಾನುವಾರ

ದಿನಾ ಫೋನ್ ಮಾಡುತ್ತೇನೆ. ದಿನಾ ಅತ್ತೆಯೇ ತೆಗೆಯುತ್ತಾರೆ. ಇವತ್ತು ಮಾವ ತೆಗೆದರು, ನಾನು ಹಲೋ ಎಂದ ಮೇಲೆ ಫೋನ್ ಇಟ್ಟರು.

ಎಲೆಕ್ಟ್ರಿಷಿಯನ್ ಶಂಕರ್‌ನನ್ನು ಕರೆಸಿ ಗೋಡೆಯ ಸ್ವಿಚ್ ತೆಗೆಸಿದೆ. ಈಗ ಲೇಥಿನ ಮೈಮೇಲೇ ಇದೆ, ಚಕ್ಕಿಗೆ ಎದುರು ನಿಂತವನೇ ಒತ್ತಬೇಕು. ಗೋಡೆಯಲ್ಲಿ ಎರಡು ತೂತು ಉಳಿದಿವೆ. ಇದನ್ನೆಲ್ಲ ಯಾರಿಗಾಗಿ ಮಾಡುತ್ತಿದ್ದೇನೋ. ಒಂಬತ್ತು ವರ್ಷದ ಹಿಂದೆ ಅರ್ಧ ಗಂಟೆಯಲ್ಲಿ ಆಗುತ್ತಿದ್ದ ಕೆಲಸ.

ಬೆಳಿಗ್ಗೆ ಕೆಲಸ ಕೊಡಲು ಬಂದು, ಲೇಥ್ ಯಾಕೆ ನಿಂತಿದೆ ಎಂದು ಕೇಳಿದವರಿಗೆ, ನನ್ನಿಂದ ನನ್ನ ಹೆಂಡತಿಯ ಕಣ್ಣು ಹೋಯಿತು, ಅದಕ್ಕೆ ಕೆಲಸ ನಿಂತಿದೆ ಎಂದೆ. ಅವರು ಹೊರಟುಹೋದರು.

೧೯ ಆಗಸ್ಟ್, ಸೋಮವಾರ

ಶಾಂತಲಾ ಬಂದಳು.

ಮಧ್ಯಾಹ್ನ ಎರಡು ಗಂಟೆ. ಗೇಟಿನ ಸದ್ದಾಯಿತು, ನೋಡಿದರೆ ಅವಳೊಬ್ಬಳೇ, ಕೈಯಲ್ಲಿ ಒಂದು ಚೀಲ. ಕೆ.ಆರ್. ನಗರದಲ್ಲಿ ತಾನೇ ಬಸ್ಸು ಬದಲಾಯಿಸಿದಳಂತೆ. ಮೆಟ್ಟಿಲು ಹತ್ತುವಾಗ ಕಾಲಿನಿಂದ ತಡವಿ ನೋಡಿ ಹತ್ತಿದಳು. ನಾನು ಕೈ ಕೊಡಲು ಹೋದೆ, ಬೇಡ ಎಂದಳು.

ಮುಂದಿನ ತಿಂಗಳು ಮೈಸೂರಿನಲ್ಲಿ ಕೃತಕ ಕಣ್ಣು ಹಾಕುತ್ತಾರೆ, ಹುಣಸೂರಿನಿಂದ ಹೋಗಿ ಬರುವುದು ಸಲೀಸು, ಅದಕ್ಕೆ ಬಂದೆ ಎಂದಳು. ಮಾವ ಏನಂದರು ಎಂದು ಕೇಳಿದೆ. "ಬಸ್ಸಿಗೆ ಅತ್ತಿಸ್ದ. ಏನೂ ಅನ್ನಿಲ್ಲ" ಎಂದಳು.

ಚೀಲ ಇಟ್ಟು ನೇರ ಶೆಡ್ಡಿಗೆ ನಡೆದಳು. ನಾನು ಬಾಗಿಲಲ್ಲಿ ನಿಂತೆ. ಗೋಡೆಯ ಎರಡು ತೂತುಗಳನ್ನು ಮುಟ್ಟಿ ನೋಡಿದಳು. ಬೆಂಚಿನ ಮೇಲಿದ್ದ ಕೀ ತೆಗೆದುಕೊಂಡು ಚಕ್ಕಿನ ತೂತಿಗೆ ಹಾಕಲು ಹೋದಳು, ಎರಡು ಸಲ ಗುರಿ ತಪ್ಪಿತು, ಮೂರನೆಯ ಸಲ ಇನ್ನೊಂದು ಕೈ ಬೆರಳಿನಿಂದ ತೂತು ಹುಡುಕಿಕೊಂಡು ಹಾಕಿದಳು. ಒತ್ತಿ, ಕೈಬಿಟ್ಟಳು. ಕೀ ಆಚೆ ಬಂದು ಠಣ್ಣೆಂದು ಬಿತ್ತು. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಬಗ್ಗಿ ಎತ್ತಿ ಬೆಂಚಿನ ಮೇಲಿಟ್ಟಳು.

"ನೀವು ಕೆಲ್ಸ ನಿಲ್ಸ್ಬೇಡಿ" ಎಂದಳು. "ನಾನು ಮಾತ್ರ ಇನ್ಮೇಕೆ ಒಳೀಕೆ ಬರಾಕಿಲ್ಲ."

ಆಗಲಿ ಎಂದೆ.

ಸಂಜೆ ಟೀ ಮಾಡಿದಳು. ನಾನು ಮಾಡುತ್ತೇನೆಂದರೆ ಕೇಳಲಿಲ್ಲ. ಪಾತ್ರೆಯಿಂದ ಲೋಟಕ್ಕೆ ಬಗ್ಗಿಸಿದಾಗ ಟೀ ಲೋಟದ ಈಚೆ, ಕಟ್ಟೆಯ ಮೇಲೆ ಹರಿಯಿತು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲವಂತೆ, ಭೇರ್ಯದಲ್ಲೂ ಹೀಗೇ ಆಗುತ್ತಿತ್ತಂತೆ. ಲೋಟ ಹಿಡಿದುಕೊಳ್ಳಿ ಎಂದಳು. ಹಿಡಿದುಕೊಂಡೆ. ಪಾತ್ರೆಯ ಅಂಚನ್ನು ಲೋಟಕ್ಕೆ ತಗುಲಿಸಿಕೊಂಡು ಮತ್ತೆ ಬಗ್ಗಿಸಿದಳು. ಅರ್ಧ ಲೋಟಕ್ಕೆ, ಅರ್ಧ ನನ್ನ ಬೆರಳ ಮೇಲೆ ಬಿತ್ತು.

ಅವಳು ಪಾತ್ರೆ ಎತ್ತಿ ನನ್ನ ಮುಖ ನೋಡಿದಳು.

"ಸುಡ್ತಾ?"

"ಸುಡ್ತು" ಎಂದೆ.

ತಣ್ಣೀರಿನ ಚೊಂಬನ್ನು ನನ್ನ ಕಡೆ ಸರಿಸಿದಳು. ನಾನು ಬೆರಳು ಅದ್ದಿ ತೆಗೆದೆ. ಇನ್ನೊಂದು ಲೋಟ ಹಿಡಿದುಕೊಳ್ಳಿ ಎಂದಳು, ಹಿಡಿದುಕೊಂಡೆ.